ಮೆಲ್ಲಗೆ ಗುಡ್ಡೆ ಸುತ್ತುವ ಮನೆಯವರಿಗೆ ಯಾವ ಎಟಿವಿ ಆರಾಮ?

ಎಟಿವಿ ಅಂದರೆ ಬೈಕಿನಂತೆ ಹ್ಯಾಂಡಲ್ ಇರುವ, ಗುಡ್ಡೆ ಹತ್ತುವ ನಾಲ್ಕು ಚಕ್ರದ ಗಾಡಿ. ಮೊದಲೇ ಹೇಳಿಬಿಡುತ್ತೇನೆ. ಹೆಂಡತಿ ಮಕ್ಕಳ ಜೊತೆ ಮೆಲ್ಲಗೆ ಗುಡ್ಡೆ ಸುತ್ತುವವರಿಗೆ 850 ಸಿಸಿ, 1000 ಸಿಸಿಯ ಎಟಿವಿ ಬೇಡ. 420ರಿಂದ 570 ಸಿಸಿಯ ಒಳಗಿನದ್ದು ಧಾರಾಳ ಸಾಕು. ಅದರಲ್ಲಿ ಮೂರು ವಿಷಯ ನೋಡಿ: ಹಿಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್, ಪವರ್ ಸ್ಟೀರಿಂಗ್, ಮತ್ತೆ ಇಳಿಜಾರಿನಲ್ಲಿ ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುವ ವ್ಯವಸ್ಥೆ, ಅಂದರೆ ಎಂಜಿನ್ ಬ್ರೇಕಿಂಗ್. ದುಡ್ಡು ಸಾಲದೆ ಒಂದನ್ನು ಬಿಡಬೇಕಾಗಿ ಬಂದರೆ ಪವರ್ ಸ್ಟೀರಿಂಗ್ ಬಿಡಿ. ಎಂಜಿನ್ ಬ್ರೇಕಿಂಗ್ ಮಾತ್ರ ಬಿಡಬೇಡಿ.

ಆರಾಮ ಅಂದ್ರೆ ಮೆತ್ತನೆಯ ಸೀಟು ಅಂತ ಅಂದುಕೊಳ್ಳುವವರೇ ಜಾಸ್ತಿ. ಸೀಟು ಮುಖ್ಯವೇ. ಆದರೆ ಜಾಗ್ರತೆಯ ಸವಾರರಿಗೆ ಮೈಕೈ ನೋವು ಬರುವುದು ಬಹುಪಾಲು ಹೆದರಿಕೆಯಿಂದ. ಗಾಡಿ ಯಾವಾಗ ಜಾರುತ್ತದೋ ಅಂತ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾರೆ, ಭುಜ ಎತ್ತಿಕೊಂಡೇ ಇರುತ್ತಾರೆ, ಸಂಜೆಗೆ ಕುತ್ತಿಗೆ ತಿರುಗಿಸಲು ಆಗುವುದಿಲ್ಲ. ನೀವು ಹೇಳಿದಷ್ಟೇ ಮಾಡುವ, ಹೇಳದ್ದನ್ನು ಮಾಡದ ಗಾಡಿ ಸಿಕ್ಕಿದರೆ ಅರ್ಧ ನೋವು ಅಲ್ಲಿಗೇ ಹೋಯಿತು.

ಇನ್ನು ನಮ್ಮ ಕಾಸರಗೋಡಿನ ನೆಲ. ಮುಳ್ಳೇರಿಯ, ಆದೂರು, ಪೆರ್ಲ, ಬಾಯಾರು, ಎಲ್ಲಿ ಹೋದರೂ ಕತೆ ಒಂದೇ. ಕೆಳಗೆ ಅಡಿಕೆ ತೋಟ, ತೋಟದ ಬದಿಯಲ್ಲಿ ತೋಡು (ಸಣ್ಣ ಹಳ್ಳ), ಮೇಲೆ ಗೇರು, ರಬ್ಬರು, ಅದಕ್ಕೂ ಮೇಲೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬೋಳು ಗುಡ್ಡೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲು, ಬೇಸಿಗೆಯಲ್ಲಿ ಅದೇ ಕಲ್ಲು ಪುಡಿಯಾಗಿ ಗೋಲಿಯಂತೆ ಉರುಳುವ ಜಲ್ಲಿ. ಎರಡೂ ಜಾರುತ್ತದೆ. ಏರು ಕಡಿದು, ತಿರುವು ಸಣ್ಣದು, ವೇಗ ಯಾವತ್ತೂ ಹದಿನೈದು ಇಪ್ಪತ್ತು ಕಿಲೋಮೀಟರ್ ದಾಟುವುದಿಲ್ಲ. ಇಲ್ಲಿ ದೊಡ್ಡ ಎಂಜಿನ್ ಏನು ಮಾಡೀತು? ಕಾಲಿಗೆ ಬಿಸಿ ಹೊಡೆದೀತು, ಅಷ್ಟೆ. ಸುಮ್ನೆ ಹೇಳುತ್ತಿಲ್ಲ. ಎರಡು ಸಿಲಿಂಡರಿನ ದೊಡ್ಡ ಗಾಡಿಗಳನ್ನು ಮಾರ್ಚ್ ಏಪ್ರಿಲ್‌ನಲ್ಲಿ ಮೆಲ್ಲಗೆ ಓಡಿಸಿದರೆ ಎಂಜಿನ್ನಿನ ಬಿಸಿಗಾಳಿ ತೊಡೆಗೂ ಮೊಣಕಾಲಿಗೂ ಬಡಿಯುತ್ತಲೇ ಇರುತ್ತದೆ.

ಗಲ್ಫಿನಲ್ಲಿ ಮರಳಿನ ಮೇಲೆ ಬಾಡಿಗೆ ಗಾಡಿ ಓಡಿಸಿ ಬಂದವರು ಊರಿನಲ್ಲೂ ಅಂಥದ್ದೇ ಬೇಕು ಅನ್ನುವುದುಂಟು. ಯಮಾಹಾ ರಾಪ್ಟರ್ 700 ತರಹದ್ದು. ಒಳ್ಳೆಯ ಗಾಡಿಯೇ. ಆದರೆ ಅದು ಆಟದ ಗಾಡಿ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಕೈಯಲ್ಲಿ ಕ್ಲಚ್, ಕಾಲಲ್ಲಿ ಗೇರು, ಕಡಿದಾದ ಏರಿನಲ್ಲಿ ಮೆಲ್ಲಗೆ ಬಲವಾಗಿ ಎಳೆಯುವ ಲೋ ಗೇರ್ ಬೇರೆ ಇಲ್ಲ, ಸಾಮಾನು ಇಡಲು ಜಾಗವೂ ಇಲ್ಲ. ಮನೆಯವರ ಜೊತೆ ಹೋಗುವುದಕ್ಕೆ ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಹಾಗೆಯೇ ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುವ 110, 125 ಸಿಸಿಯ ಪುಟ್ಟ ಗಾಡಿಗಳನ್ನೂ ತೆಗೆಯಿರಿ. ದೊಡ್ಡವರು ಕೂತರೆ ಮೊಣಕಾಲು ಹ್ಯಾಂಡಲಿಗೆ ತಾಗುತ್ತದೆ, ಶಾಕ್ ಅಬ್ಸಾರ್ಬರ್ ಇದ್ದೂ ಇಲ್ಲದಂತೆ. ಆರಾಮದ ಮಾತು ಬಂದರೆ ಇವೆರಡನ್ನೂ ಹೋಲಿಸುವ ಅಗತ್ಯವೇ ಇಲ್ಲ.

ಗಟ್ಟಿ ಆಕ್ಸಲ್ ಇರಲಾ, ಬಿಡಿ ಸಸ್ಪೆನ್ಷನ್ ಇರಲಾ

ನಿಜವಾದ ಹೋಲಿಕೆ ಶುರುವಾಗುವುದು ಇಲ್ಲಿಂದ. ಕೆಲಸದ ಎಟಿವಿಗಳಲ್ಲಿ ಎರಡು ಜಾತಿ. ಹೋಂಡಾ ರಾಂಚರ್ 420ರ ಸಾದಾ ಮಾದರಿಯಲ್ಲಿ ಹಿಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಇಡೀ ಹಿಂಭಾಗ ವಾಲುತ್ತದೆ, ಆ ಹೊಡೆತ ನೇರ ಸೊಂಟಕ್ಕೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570, ಯಮಾಹಾ ಕೋಡಿಯಾಕ್ 450, ಗ್ರಿಜ್ಲಿ 700, ಸುಜುಕಿ ಕಿಂಗ್‌ಕ್ವಾಡ್ 500, 750 ಇವುಗಳಲ್ಲಿ ಪ್ರತಿ ಚಕ್ರವೂ ತನ್ನಷ್ಟಕ್ಕೆ ಏರಿಳಿಯುತ್ತದೆ, ಇದೇ ಬಿಡಿ ಸಸ್ಪೆನ್ಷನ್. ರಾಂಚರಿನಲ್ಲೂ ಇಂಥ ಮಾದರಿ ಬೇರೆಯೇ ಇದೆ, ಹೆಸರು ಒಂದೇ ಆದ ಕಾರಣ ಹಳೆಯದು ಕೊಳ್ಳುವಾಗ ಕೆಳಗೆ ಬಗ್ಗಿ ನೋಡಿಯೇ ತಿಳಿಯಬೇಕು.

ಲೆಕ್ಕದಲ್ಲಿ ಹೇಳುವುದಾದರೆ, ಸ್ಪೋರ್ಟ್ಸ್‌ಮನ್ 570ರ ಹಿಂದಿನ ಚಕ್ರ ಸುಮಾರು 9.5 ಇಂಚು ಏರಿಳಿಯುತ್ತದೆ, ಮುಂದಿನದ್ದು 8.2 ಇಂಚು. ಗಟ್ಟಿ ಆಕ್ಸಲಿನ ರಾಂಚರಿನಲ್ಲಿ ಇದು ಆರು ಚಿಲ್ಲರೆ ಇಂಚು. ಕಾಗದದಲ್ಲಿ ಮೂರು ಇಂಚಿನ ವ್ಯತ್ಯಾಸ ಸಣ್ಣದು ಅನಿಸಬಹುದು. ಅಡಿಕೆ ಮರದ ಬೇರು ಅಡ್ಡ ಬಂದಲ್ಲಿ, ಗುಡ್ಡೆಯ ನೀರು ಕೊರೆದ ಚರಂಡಿಯಲ್ಲಿ ಅರ್ಧ ಗಂಟೆ ಹೋಗಿ ನೋಡಿ, ಬೆನ್ನಿಗೆ ಅದು ಸಣ್ಣದಲ್ಲ. ಬೆನ್ನೆಲುಬಿನ ಡಿಸ್ಕ್ ತೊಂದರೆ ಇದ್ದವರು, ಐವತ್ತು ದಾಟಿದವರು ಗಟ್ಟಿ ಆಕ್ಸಲಿನ ಗಾಡಿಯನ್ನು ಬಿಟ್ಟೇ ಬಿಡುವುದು ಒಳ್ಳೆಯದು.

ಹಾಗಂತ ಮೆತ್ತನೆಯದ್ದೆಲ್ಲ ಒಳ್ಳೆಯದೇ ಅಲ್ಲ. ಅಡ್ಡ ಇಳಿಜಾರಿನಲ್ಲಿ ಹೋಗುವಾಗ ಬಿಡಿ ಸಸ್ಪೆನ್ಷನ್ನಿನ ಗಾಡಿ ಕೆಳಬದಿಗೆ ವಾಲುವುದು ಜಾಸ್ತಿ. ನೆಲ ಹತ್ತು ಡಿಗ್ರಿ ಓರೆ ಇದ್ದರೆ ನಿಮಗೆ ಹದಿನೈದು ಅನಿಸುತ್ತದೆ. ಜಾಗ್ರತೆಯ ಸವಾರರಿಗೆ ಜೀವ ಬಾಯಿಗೆ ಬರುವುದು ಇಲ್ಲಿಯೇ. ಹಿಂದೆ ಆಂಟಿ ಸ್ವೇ ಬಾರ್, ಅಂದರೆ ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿ, ಇದ್ದರೆ ಈ ವಾಲಾಟ ಕಡಿಮೆ, ಕೊಳ್ಳುವ ಮುಂಚೆ ಅದನ್ನು ಕೇಳಿ. ಗಟ್ಟಿ ಆಕ್ಸಲಿನದ್ದು ಈ ವಿಷಯದಲ್ಲಿ ಗಟ್ಟಿಯೇ. ಗೊಬ್ಬರದ ಗೋಣಿ, ಅಡಿಕೆ ಗೋಣಿ ಹೇರಿದರೂ ಕೂರುವುದಿಲ್ಲ, ತೂಕವೂ ಕಡಿಮೆ. ರಾಂಚರ್ ಸುಮಾರು 270 ಕಿಲೋ, ಸ್ಪೋರ್ಟ್ಸ್‌ಮನ್ 570 ಸುಮಾರು 320. ಕೆಸರಿನಲ್ಲಿ ಹೂತರೆ ಎತ್ತಬೇಕಾದವರು ನೀವೇ ಅಲ್ವಾ?

ಇನ್ನೊಂದು, ಯಾರೂ ಮೊದಲು ಯೋಚಿಸದ ಖರ್ಚು. ಚಕ್ರಕ್ಕೆ ಶಕ್ತಿ ಕೊಡುವ ಶಾಫ್ಟಿನ ಎರಡು ತುದಿಯಲ್ಲೂ ಗ್ರೀಸ್ ತುಂಬಿದ ರಬ್ಬರ್ ಬೂಟ್ ಇರುತ್ತದೆ. ನಾಲ್ಕೂ ಚಕ್ರ ಬಿಡಿಯಾದರೆ ಇಂಥ ಎಂಟು ಬೂಟು. ಗಟ್ಟಿ ಆಕ್ಸಲಿನದ್ದಾದರೆ ಮುಂದೆ ಮಾತ್ರ, ನಾಲ್ಕು. ಗೇರು ಗುಡ್ಡೆಯಲ್ಲಿ ಕತ್ತಿಯಿಂದ ಓರೆಗೆ ಕಡಿದ ಕುರುಚಲು ಗಿಡದ ಬುಡ ಇರುತ್ತದಲ್ಲ, ಚೂಪಾಗಿ, ಎಲೆಯ ಕೆಳಗೆ ಅಡಗಿಕೊಂಡು, ಅದು ಆ ರಬ್ಬರನ್ನು ಬೆರಳಿನಷ್ಟು ಸೀಳಿದರೂ ಸಾಕು. ಗ್ರೀಸ್ ಹೊರಗೆ ಬರುತ್ತದೆ, ಕೆಂಪು ಮಣ್ಣು ಒಳಗೆ ಹೋಗುತ್ತದೆ, ಸ್ವಲ್ಪ ದಿನದಲ್ಲಿ ತಿರುವಿನಲ್ಲಿ ಟಕ್ ಟಕ್ ಶಬ್ದ ಶುರು. ಕೆಳಗೆ ಪ್ಲಾಸ್ಟಿಕ್ ಗಾರ್ಡ್ ಹಾಕಿಸಿದರೆ ಬಚಾವ್. ಇಷ್ಟಾದರೂ ನನ್ನ ಓಟು ಬಿಡಿ ಸಸ್ಪೆನ್ಷನ್ನಿಗೇ.

ಇಳಿಯುವಾಗ ಹಿಡಿಯಬೇಕು

ಹತ್ತುವುದು ಎಲ್ಲ ಗಾಡಿಗೂ ಬರುತ್ತದೆ. ಜಾಗ್ರತೆಯ ಸವಾರರ ಪರೀಕ್ಷೆ ಇಳಿಯುವಾಗ. ಪಾಚಿಗಲ್ಲಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಬ್ರೇಕ್ ಮುಟ್ಟದೆ ಎಂಜಿನ್ನೇ ಹಿಡಿದು ಇಳಿಸುವುದು ಬೇಕು.

ಗೇರಿನ ಗಾಡಿಗಳಲ್ಲಿ ಇದು ಸಹಜವಾಗಿಯೇ ಇದೆ. ಬೆಲ್ಟಿನ ಗಾಡಿಗಳಲ್ಲಿ, ಅಂದರೆ ಸ್ಕೂಟರಿನಂತೆ ಗೇರಿಲ್ಲದ್ದರಲ್ಲಿ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ. ಯಮಾಹಾದ ಅಲ್ಟ್ರಾಮ್ಯಾಟಿಕ್‌ನಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಾಗಿಯೇ ಇರುವಂತೆ ಮಾಡಿದ್ದಾರೆ, ಎಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ತಾನೇ ಹಿಡಿದುಕೊಳ್ಳುತ್ತದೆ. ಮೆಲ್ಲಗೆ ಇಳಿಯುವವರಿಗೆ ಕೋಡಿಯಾಕ್ 450ರಷ್ಟು ಧೈರ್ಯ ಕೊಡುವ ಗಾಡಿ ಕಡಿಮೆ ಅಂತ ನನ್ನ ಅಭಿಪ್ರಾಯ. ಪೊಲಾರಿಸ್‌ನಲ್ಲಿ ಎಂಜಿನ್ ಬ್ರೇಕಿಂಗ್ ಇರುವ ಮಾದರಿಯೂ ಇದೆ, ಇಲ್ಲದ್ದೂ ಇದೆ. ಇಲ್ಲದ್ದರಲ್ಲಿ ಇಳಿಜಾರಿನಲ್ಲಿ ಕ್ಲಚ್ ಬಿಟ್ಟುಕೊಟ್ಟು ಗಾಡಿ ನ್ಯೂಟ್ರಲ್‌ನಂತೆ ಓಡುತ್ತದೆ. ಮಾರುವವರ ಬಾಯಿಮಾತು ನಂಬಬೇಡಿ. ಇಳಿಜಾರಿಗೆ ಕೊಂಡುಹೋಗಿ, ಲೋ ಗೇರಿಗೆ ಹಾಕಿ, ಎಕ್ಸಿಲರೇಟರಿನಿಂದ ಹೆಬ್ಬೆರಳು ಪೂರ್ತಿ ತೆಗೆದು ನೋಡಿ. ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಬೇರೆ ಗಾಡಿ ನೋಡಿ.

ಬೆಲ್ಟಾ ಗೇರಾ ಅನ್ನುವುದಕ್ಕೂ ನಮ್ಮ ಕಡೆ ಇನ್ನೊಂದು ಕಾರಣ ಇದೆ: ತೋಡು. ಬೆಲ್ಟಿನ ಪೆಟ್ಟಿಗೆಯೊಳಗೆ ನೀರು ನುಗ್ಗಿದರೆ ಬೆಲ್ಟ್ ಜಾರುತ್ತದೆ, ಎಂಜಿನ್ ಕಿರುಚುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹೋಂಡಾ ರಾಂಚರಿನಲ್ಲಿ ಬೆಲ್ಟೇ ಇಲ್ಲ, ಗೇರ್‌ಗಳು ಎಣ್ಣೆಯಲ್ಲಿ ಮುಳುಗಿರುವಂಥದ್ದು, ಹ್ಯಾಂಡಲಿನಲ್ಲಿ ಗುಂಡಿ ಒತ್ತಿ ಗೇರ್ ಬದಲಾಯಿಸುವ ಮಾದರಿ, ತಾನೇ ಬದಲಾಯಿಸಿಕೊಳ್ಳುವ ಮಾದರಿ ಎರಡೂ ಇವೆ. ಮಳೆಗಾಲದಲ್ಲಿ ದಿನಾ ತೋಡು ದಾಟಬೇಕಾದವರು ಬಿಡಿ ಸಸ್ಪೆನ್ಷನ್ನಿನ ರಾಂಚರ್ ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಬೆಲ್ಟಿನದ್ದು ತೆಗೆದುಕೊಂಡವರು ಕಡಿದಾದ ಏರಿನಲ್ಲಿ ಹೈನಲ್ಲಿ ಎಳೆಯಬಾರದು, ಲೋ ಹಾಕಬೇಕು. ಮೆಲ್ಲಗೆ ಓಡಿಸುವವರೇ ಬೆಲ್ಟ್ ಸುಡುವುದು ಜಾಸ್ತಿ, ಯಾಕೆಂದರೆ ಅವರು ಲೋ ಗೇರನ್ನು ಮುಟ್ಟುವುದೇ ಇಲ್ಲ.

ಪವರ್ ಸ್ಟೀರಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಟಿವಿಯಲ್ಲಿ ಇದನ್ನು ಮೊದಲು ತಂದದ್ದು ಯಮಾಹಾ, 2007ರ ಗ್ರಿಜ್ಲಿ 700ರಲ್ಲಿ. ಹ್ಯಾಂಡಲ್ ಹಗುರ ಆಗುತ್ತದೆ ಅನ್ನುವುದಕ್ಕಿಂತ, ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುವ ಆ ಝಟಕ ಕಡಿಮೆಯಾಗುತ್ತದೆ ಅನ್ನುವುದೇ ಅದರ ಉಪಕಾರ. ಮಣಿಕಟ್ಟು ನೋವಿರುವವರು, ಹೆಂಗಸರು, ಪ್ರಾಯ ಆದವರು ಓಡಿಸುವುದಾದರೆ ಇರಲಿ.

ಮನೆಯವರು ಎಲ್ಲಿ ಕೂರುವುದು?

ಇದು ಜಗಳದ ವಿಷಯ. ಒಬ್ಬರ ಗಾಡಿಯಲ್ಲಿ ಹಿಂದಿನ ಕ್ಯಾರಿಯರಿನ ಮೇಲೆ ಮಗುವನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲು. ಬೈಕಿನಲ್ಲಿ ನಾಲ್ಕು ಜನ ಹೋಗುವ ಊರಲ್ವಾ ನಮ್ಮದು! ಆದರೆ ಎಟಿವಿಯ ಲೆಕ್ಕವೇ ಬೇರೆ. ಕ್ಯಾರಿಯರಿನ ಮೇಲೆ ಕೂತವರ ಭಾರ ಹಿಂದಿನ ಆಕ್ಸಲಿಗಿಂತಲೂ ಹಿಂದೆ ಬೀಳುತ್ತದೆ. ಏರು ಹತ್ತುವಾಗ ಮುಂದಿನ ಚಕ್ರ ಹಗುರಾಗುತ್ತದೆ, ಸ್ವಲ್ಪ ಎಕ್ಸಿಲರೇಟರ್ ಜಾಸ್ತಿ ಆದರೆ ಗಾಡಿ ಹಿಂದಕ್ಕೆ ಮಗುಚಿ ಕೂತವರ ಮೇಲೆಯೇ ಬೀಳುತ್ತದೆ. ಒಬ್ಬರಿಗೆಂದು ಮಾಡಿದ ಗಾಡಿಯ ಮೇಲೆ ಹಿಂದೆ ಯಾರನ್ನೂ ಕೂರಿಸಬೇಡಿ ಅಂತ ಕಂಪನಿಯವರೇ ಚೀಟಿ ಅಂಟಿಸಿರುತ್ತಾರೆ.

ಇಬ್ಬರು ಹೋಗಬೇಕಾದರೆ ಇಬ್ಬರಿಗೆಂದೇ ಮಾಡಿದ ಗಾಡಿ ಇದೆ. ಸ್ಪೋರ್ಟ್ಸ್‌ಮನ್ ಟೂರಿಂಗ್ 570, ಕ್ಯಾನ್ ಆಮ್ ಔಟ್‌ಲ್ಯಾಂಡರ್ ಮ್ಯಾಕ್ಸ್, ಸಿಎಫ್‌ಮೋಟೋದ ಟೂರಿಂಗ್ ಮಾದರಿಗಳು. ಇವುಗಳ ಚಕ್ರಗಳ ನಡುವಿನ ಅಂತರ ಕೆಲವು ಇಂಚು ಉದ್ದ, ಹಿಂದೆ ಕೂರುವವರಿಗೆ ಬೆನ್ನಿಗೆ ದಿಂಬು, ಕೈಗೆ ಹಿಡಿ, ಕಾಲಿಡಲು ಜಾಗ. ಹಿಂದೆ ಕೂತವರು ಸ್ವಲ್ಪ ಎತ್ತರದಲ್ಲಿ ಇರುವುದರಿಂದ ದಾರಿಯೂ ಕಾಣುತ್ತದೆ. ಒಬ್ಬರೇ ಹೋದರೂ ಉದ್ದದ ಗಾಡಿ ಕುಣಿಯುವುದು ಕಡಿಮೆ, ಏರಿನಲ್ಲಿ ಮುಂಭಾಗ ಎದ್ದೇಳುವುದೂ ಕಡಿಮೆ. ಅದಕ್ಕೇ ಗಂಡ ಹೆಂಡತಿ ಇಬ್ಬರೇ ತಿರುಗುವ ಮನೆಗೆ ನಾನು ಹೇಳುವುದು ಇದನ್ನೇ. ತೊಂದರೆ ಅಂದರೆ ತೋಟದೊಳಗಿನ ಸಣ್ಣ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ, ಹಿಂದೆ ಮುಂದೆ ಮಾಡಬೇಕು.

ಮಕ್ಕಳಿರುವ ಮನೆಯವರು ಎಟಿವಿಯ ಆಸೆ ಬಿಟ್ಟು ಪಕ್ಕಪಕ್ಕ ಕೂರುವ, ಸ್ಟೀರಿಂಗ್ ಚಕ್ರ ಇರುವ, ಸೀಟ್ ಬೆಲ್ಟ್ ಕಟ್ಟಿಕೊಳ್ಳುವ, ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಇರುವ ಗಾಡಿಯನ್ನು ಒಮ್ಮೆ ನೋಡಿ. ಕಾರು ಜೀಪು ಓಡಿಸಿದವರಿಗೆ ಹೊಸದಾಗಿ ಕಲಿಯಲು ಜಾಸ್ತಿ ಏನೂ ಇಲ್ಲ. ಮಗು ಸೀಟಿಗೆ ಬೆನ್ನು ಕೊಟ್ಟು ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಕೈ ಹಿಡಿಗೆ ಎಟುಕಬೇಕು. ತಾಗದಿದ್ದರೆ ಆ ಮಗು ಇನ್ನೂ ದೊಡ್ಡದಾಗಬೇಕು, ಅಷ್ಟೆ. ಮತ್ತೆ ಅಗಲ ಅಳೆಯಿರಿ. ಎಟಿವಿಗಳು ಸುಮಾರು 48 ಇಂಚು, ಅಂದರೆ 122 ಸೆಂಟಿಮೀಟರ್. ಅಮೆರಿಕದ ಎಷ್ಟೋ ಕಾಡುದಾರಿಗಳಲ್ಲಿ 50 ಇಂಚಿಗಿಂತ ಅಗಲದ ಗಾಡಿ ಬಿಡುವುದಿಲ್ಲ, ಅದಕ್ಕೆ ತಕ್ಕಂತೆ ಇವನ್ನು ಮಾಡುತ್ತಾರೆ. ಪಕ್ಕಪಕ್ಕ ಕೂರುವ ಗಾಡಿಗಳಲ್ಲಿ 60 ಇಂಚು ದಾಟುವುದೇ ಜಾಸ್ತಿ. ನಿಮ್ಮ ತೋಟದ ಸಂಕ (ಕಿರುಸೇತುವೆ) ಅಷ್ಟು ಅಗಲ ಇದೆಯಾ? ಗೇಟು?

ಹದಿನಾರು ತುಂಬದ ಮಕ್ಕಳ ಕೈಗೆ ದೊಡ್ಡವರ ಗಾಡಿ ಕೊಡಬಾರದು ಅಂತ ತಯಾರಕರೇ ಹೇಳುತ್ತಾರೆ. ಅಂಗಳದಲ್ಲೇ ಒಂದು ಸುತ್ತು ಅಂತ ಮಾವಂದಿರು ಶಿಫಾರಸು ಮಾಡಿದರೂ ಕೊಡಬೇಡಿ.

ಓಡಿಸಿ ನೋಡುವಾಗ

ಎಟಿವಿಯ ಎಕ್ಸಿಲರೇಟರ್ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಲ್ಲಿ ಒತ್ತುವುದು. ಅದರ ಸ್ಪ್ರಿಂಗ್ ಬಿಗಿ ಇದ್ದರೆ ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ಶೋರೂಮಿನ ಎದುರು ಎರಡು ಸುತ್ತು ಹೊಡೆದರೆ ಇದು ಗೊತ್ತಾಗುವುದಿಲ್ಲ, ನಾಚಿಕೆ ಬಿಟ್ಟು ಸ್ವಲ್ಪ ಹೊತ್ತು ಓಡಿಸಿ. ಮೆಲ್ಲಗೆ ಒತ್ತಿದಾಗ ಗಾಡಿ ಮೆಲ್ಲಗೇ ಹೊರಡುತ್ತದಾ, ಜಿಗಿಯುತ್ತದಾ ನೋಡಿ. ಪೊಲಾರಿಸ್‌ನಲ್ಲಿ ಎಡಗೈಯ ಒಂದೇ ಲಿವರ್ ಎಲ್ಲ ಚಕ್ರಕ್ಕೂ ಬ್ರೇಕ್ ಹಾಕುತ್ತದೆ. ಹೋಂಡಾದಲ್ಲಿ ಎಡಗೈ ಹಿಂದಕ್ಕೆ, ಬಲಗೈ ಮುಂದಕ್ಕೆ. ಸ್ಕೂಟರ್ ಓಡಿಸುವ ನಮ್ಮ ಹೆಂಗಸರಿಗೆ ಹೋಂಡಾದ್ದೇ ಬೇಗ ಕೈಗೆ ಹತ್ತುತ್ತದೆ.

ಸ್ಕೂಟರಿನ ಇನ್ನೊಂದು ಅಭ್ಯಾಸವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಗಾಡಿ ವಾಲಿದ ಕೂಡಲೇ ಕಾಲು ಕೆಳಗೆ ಇಡುವುದು. ಎಟಿವಿಯಲ್ಲಿ ಕಾಲು ಇಟ್ಟರೆ ಹಿಂದಿನ ಚಕ್ರ ಹಿಮ್ಮಡಿಯ ಮೇಲೆ ಹತ್ತುತ್ತದೆ. ಹಾಗಾಗಿ ಪಾದದ ಕೆಳಗೆ ಪೂರ್ತಿ ಹಲಗೆ ಇರುವ, ಬದಿಯಲ್ಲಿ ಅಂಚು ಎದ್ದಿರುವ ಗಾಡಿಯನ್ನೇ ಆರಿಸಿ. ಸರಳು ಮಾತ್ರ ಇರುವಂಥದ್ದು ಬೇಡ.

ಟಯರಿನ ಗಾಳಿ ಎಂಥ ಒಳ್ಳೆಯ ಸಸ್ಪೆನ್ಷನ್ನನ್ನೂ ಹಾಳು ಮಾಡುತ್ತದೆ. ಎಟಿವಿಗೆ ಬೇಕಾದದ್ದು ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ. ನಮ್ಮ ಪಂಕ್ಚರ್ ಅಂಗಡಿಯ ಮೀಟರಿನಲ್ಲಿ ಹತ್ತರ ಕೆಳಗೆ ಮುಳ್ಳು ಸರಿಯಾಗಿ ಕದಲುವುದೇ ಇಲ್ಲ, ಅವರು ಜೀಪಿನ ಅಂದಾಜಿನಲ್ಲಿ ಇಪ್ಪತ್ತೈದು ತುಂಬಿಸಿ ಕಳಿಸುತ್ತಾರೆ. ಆಮೇಲೆ ಗಾಡಿ ಕಲ್ಲಿನಿಂದ ಕಲ್ಲಿಗೆ ಚೆಂಡಿನಂತೆ ಪುಟಿಯುತ್ತದೆ, ಈ ಕಂಪನಿಯ ಶಾಕ್ ಸರಿಯಿಲ್ಲ ಅಂತ ಬೈಗುಳ. ಕಡಿಮೆ ಒತ್ತಡ ಅಳೆಯುವ ಮೀಟರ್ ಬೇರೆಯೇ ಸಿಗುತ್ತದೆ, ಅದನ್ನೂ ಕಾಲಿನ ಪಂಪನ್ನೂ ಮನೆಯಲ್ಲೇ ಇಟ್ಟುಕೊಳ್ಳಿ.

ಕಾಗದ, ಮಾರ್ಗ, ಹಳೆಯ ಗಾಡಿ

ಸಾಮಾನ್ಯ ಎಟಿವಿಗೆ ನಮ್ಮ ದೇಶದಲ್ಲಿ ನೋಂದಣಿ ಇಲ್ಲ, ಆದ ಕಾರಣ ಪಂಚಾಯತು ಮಾರ್ಗಕ್ಕೂ ಇಳಿಸುವಂತಿಲ್ಲ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿಯನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ಅನುಮತಿ ಪಡೆದು ಇಲ್ಲಿ ಮಾರಾಟಕ್ಕೆ ತಂದಿತ್ತು. ನಿಮ್ಮ ಒಂದು ತೋಟದಿಂದ ಇನ್ನೊಂದಕ್ಕೆ ಹೋಗಲು ಮಾರ್ಗ ದಾಟಬೇಕಾದರೆ ಅಂಥದ್ದನ್ನೇ ಹುಡುಕಿ, ಆರ್‌ಸಿ ಕೈಯಲ್ಲಿ ಹಿಡಿದು ನೋಡಿ. ಉಳಿದವರು ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಬೇಕು. ಪೊಸಡಿಗುಂಪೆ ಗುಡ್ಡಕ್ಕೆ ಹೋಗೋಣ, ರಾಣಿಪುರಕ್ಕೆ ಹೋಗೋಣ ಅಂತ ಮಕ್ಕಳು ಕುಣಿಯುತ್ತಾರೆ. ರಾಣಿಪುರದ್ದು ಅರಣ್ಯ ಇಲಾಖೆಯ ಕಾಲ್ನಡಿಗೆಯ ದಾರಿ, ಅಲ್ಲಿ ನಡೆದೇ ಹತ್ತಬೇಕು. ಎಟಿವಿ ಸ್ವಂತ ಜಾಗಕ್ಕೆ, ಅಥವಾ ಒಪ್ಪಿಗೆ ಕೊಟ್ಟ ನೆಂಟರ ಎಸ್ಟೇಟಿಗೆ.

ಮೇಲೆ ಹೇಳಿದ್ದರಲ್ಲಿ ಎಲ್ಲವೂ ನಮ್ಮ ಕಡೆ ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಎಷ್ಟೋ ಜನ ಹಳೆಯದ್ದಕ್ಕೆ ಕೈ ಹಾಕುತ್ತಾರೆ. ದುಡ್ಡು ಕೊಡುವ ಮುಂಚೆ ಮಂಗಳೂರಲ್ಲೋ ಕೊಚ್ಚಿಯಲ್ಲೋ ಆ ಗಾಡಿಯ ಬೆಲ್ಟ್, ಏರ್ ಫಿಲ್ಟರ್, ರಬ್ಬರ್ ಬೂಟ್ ಸಿಗುತ್ತದಾ ಅಂತ ಫೋನು ಮಾಡಿ ಕೇಳಿ. ಸಿಗದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಎಂಟೂ ಬೂಟನ್ನು ಬೆರಳಿಂದ ಒತ್ತಿ ನೋಡಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ಮೆಲ್ಲಗೆ ಓಡಿಸಿ ಶಬ್ದ ಕೇಳಿ, ಏರ್ ಫಿಲ್ಟರಿನ ಪೆಟ್ಟಿಗೆ ತೆಗೆದು ಒಳಗೆ ಒಣಗಿದ ಕೆಸರು ಇದೆಯಾ ನೋಡಿ. ಇದ್ದರೆ ಆ ಗಾಡಿ ಒಮ್ಮೆ ಮುಳುಗಿ ಎದ್ದದ್ದು. ಬೆಲ್ಟಿನ ಪೆಟ್ಟಿಗೆಯನ್ನೂ ಬಿಚ್ಚಲು ಹೇಳಿ. ಮಾರುವವರು ಅದೆಲ್ಲ ಈಗ ಯಾಕೆ ಅಂದರೆ, ಅವರು ಕೊಟ್ಟ ಚಾ ಕುಡಿದು ಎದ್ದು ಬನ್ನಿ.